ಅಂಗಳದಲ್ಲಿ ಮೂರು ಕೆರೆ

ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ವೇದಾ ಹೊಳೆ ಅಯ್ಯನಕೆರೆಯನ್ನೂ, ಅವತಿ ಹೊಳೆ ಮದಗದಕೆರೆಯನ್ನೂ ತುಂಬಿಸಿ, ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತವೆ. ಗಿರಿಯಲ್ಲಿ ಭೋರ್ಗರೆಯುವ ಮುಂಗಾರು ಕಡೂರು, ಅಜ್ಜಂಪುರದ ಬಯಲಿಗೆ ಇಳಿಯುವಷ್ಟರಲ್ಲಿ ಸೊರಗಿರುತ್ತದೆ. ಹಾಗಾಗಿ ಇಲ್ಲಿ ಪ್ರವಾಹದ ಭಯವೆಂದರೆ ಹೊಳೆಗಿಂತ ಹೆಚ್ಚಾಗಿ ಕೆರೆಯದು. ಕೋಡಿ ಬಿದ್ದರೆ ಹಬ್ಬ, ಏರಿ ಒಡೆದರೆ ಅನಾಹುತ. 2022ರಲ್ಲಿ ವೇದಾವತಿ ಮೈದುಂಬಿ, ಕೆಳಗಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಭದ್ರೆಯಿಂದ ಅಜ್ಜಂಪುರದ ಸುರಂಗದ ಮೂಲಕ ಹಿಂದಿನ ವರ್ಷಗಳಲ್ಲಿ ಹರಿಸಿದ ನೀರೂ ಅದಕ್ಕೆ ನೆರವಾಗಿತ್ತು.

ಏರಿ ಏಕೆ ಒಡೆಯುತ್ತದೆ ಎಂಬುದನ್ನು ಮಕ್ಕಳಿಗೆ ಬಾಯಲ್ಲಿ ಹೇಳುವ ಬದಲು ಆಡಿಸಿಯೇ ತೋರಿಸಬಹುದು. ಅಂಗಳದ ಇಳಿಜಾರಿನಲ್ಲಿ ಒಂದರ ಕೆಳಗೊಂದು ಮೂರು ಪುಟ್ಟ ಕೆರೆ ಕಟ್ಟಿ. ಏರಿಯ ಪಕ್ಕದಲ್ಲಿ, ಅದಕ್ಕಿಂತ ಎರಡು ಬೆರಳು ತಗ್ಗಿನಲ್ಲಿ, ಬೆಣಚುಕಲ್ಲು ಹಾಸಿದ ಕೋಡಿ ಇರಲಿ. ಮೇಲಿನಿಂದ ಚೊಂಬಿನಲ್ಲಿ ನೀರು ಬಿಟ್ಟರೆ ಒಂದು ತುಂಬಿ ಇನ್ನೊಂದಕ್ಕೆ ಇಳಿಯುತ್ತದೆ. ಹಿರಿಯರು ಕಟ್ಟಿದ ಸರಣಿ ಕೆರೆಗಳ ಕ್ರಮವೇ ಇದು. ಈಗ ಮೇಲಿನ ಕೋಡಿಗೆ ಒಂದು ಹಿಡಿ ಮಣ್ಣು ಮೆತ್ತಿ. ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಗೆ ಮರಳು ಮೂಟೆ ಒಟ್ಟುವ ಆಸೆ ಊರುಗಳಲ್ಲಿ ಇದ್ದದ್ದೇ. ಮತ್ತೆ ನೀರು ಬಿಟ್ಟರೆ ಅದು ಏರಿಯ ನೆತ್ತಿ ಹತ್ತಿ ಹೊರಮೈಗೆ ಇಳಿಯುತ್ತದೆ. ಬಗ್ಗಿ ನೋಡಿ: ಬುಡದಲ್ಲಿ ಒಂದು ಗುಳಿ ಬೀಳುತ್ತದೆ, ಹಿಂದಕ್ಕೆ ಕೊರೆಯುತ್ತಾ ಕೆರೆಯ ಕಡೆ ಸರಿಯುತ್ತದೆ. ಅದು ನೀರನ್ನು ಮುಟ್ಟಿದ್ದೇ ತಡ, ಏರಿ ಕೊಚ್ಚಿಹೋಗುತ್ತದೆ, ಜೊತೆಗೆ ಕೆಳಗಿನ ಎರಡು ಏರಿಗಳೂ. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ, ಲೆಕ್ಕದ ಪ್ರಕಾರ, 64 ಪಟ್ಟಾಗುತ್ತದೆ.

ಆಟಕ್ಕೆ ಅಜ್ಜನನ್ನೂ ಕರೆಯಿರಿ. ಯಾವ ಕೋಡಿ ಯಾವ ಹಳ್ಳಕ್ಕೆ ಬೀಳುತ್ತದೆ, ನೀರುಗಂಟಿ ಯಾವಾಗ ತೂಬು ಎತ್ತುತ್ತಿದ್ದ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಇವನ್ನು ಈಗಲೇ ಕೇಳಿಟ್ಟುಕೊಳ್ಳಬೇಕು.

ಮರುದಿನ ಇಳಿಜಾರಿನ ಅರ್ಧಕ್ಕೆ ಗರಿಕೆ ಹಾಸಿ, ಅರ್ಧ ಬರಿದಾಗಿ ಬಿಟ್ಟು, ಎರಡರ ಮೇಲೂ ನೀರು ಸುರಿಯಿರಿ. ಬರಿ ನೆಲದ ನೀರು ಕೆಂಪು ರಾಡಿಯಾಗಿ ಬಂದು ಕೆರೆಯಲ್ಲಿ ಹೂಳಾಗುತ್ತದೆ. ಹೂಳು ತುಂಬಿದ ಕೆರೆಗೆ ಅದೇ ಮಳೆ ಹೆಚ್ಚಾಗುತ್ತದೆ.

ಹೊಳೆಯ ಆರೋಗ್ಯ ಕೆಡಿಸುವುದರಲ್ಲೂ ಈ ಮಣ್ಣಿನ ಪಾಲು ದೊಡ್ಡದು. ಬೇಸಿಗೆಯಲ್ಲಿ ತರೀಕೆರೆ ಕಡೆಯವರು ಕಲ್ಲತ್ತಿಗಿರಿಯ ಹಳ್ಳದಂಥ ಕಡೆ, ಪಾದ ಮುಳುಗುವಷ್ಟೇ ನೀರಿನಲ್ಲಿ, ಒಂದು ಕಲ್ಲು ಮಗುಚಿ ಬಿಳಿ ತಟ್ಟೆಯಲ್ಲಿ ತೊಳೆಯಿರಿ. ಮರಳಿನ ಕಣಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಕೊಳವೆ ಹೊಲಿದುಕೊಂಡ ಕ್ಯಾಡಿಸ್ ಹುಳ ಸಿಗಬಹುದು. ಬಾಲದಲ್ಲಿ ಎಳೆಗಳಿರುವ, ಹೊಟ್ಟೆಯ ಪಕ್ಕದ ಕಿವಿರು ಆಡಿಸುವ ಮೇಫ್ಲೈ ಮರಿಯೂ ಸಿಗಬಹುದು. ಇವುಗಳಲ್ಲಿ ಹೆಚ್ಚಿನವಕ್ಕೆ ಆಮ್ಲಜನಕ ತುಂಬಿದ ನೀರು, ಕಲ್ಲುಗಳ ನಡುವೆ ಸಂದು ಬೇಕು. ಹೂಳು ಆ ಸಂದು ಮುಚ್ಚಿದರೆ, ಚರಂಡಿ ನೀರು ಸೇರಿ ಆಮ್ಲಜನಕ ಇಳಿದರೆ, ಇವು ಮೊದಲು ಕಾಣೆಯಾಗುತ್ತವೆ. ಕೆಂಪು ಎಳೆಹುಳಗಳು ಉಳಿಯುತ್ತವೆ. ನೋಡಿದ ಮೇಲೆ ಹುಳವನ್ನೂ ಕಲ್ಲನ್ನೂ ಇದ್ದಲ್ಲೇ ಬಿಡಿ. ಊರಿನ ಮೇಲೊಂದು, ಕೆಳಗೊಂದು ಜಾಗ ಗೊತ್ತುಮಾಡಿ, ಕಂಡದ್ದನ್ನು ಮಕ್ಕಳು ಪ್ರತಿ ವರ್ಷ ಒಂದೇ ನೋಟ್‌ಬುಕ್ಕಿನಲ್ಲಿ ಬರೆಯಲಿ. ಕೆಳಗಿನ ಜಾಗದ ಪುಟದಲ್ಲಿ ಮೇಫ್ಲೈ ತಪ್ಪಿದ ವರ್ಷ, ಆ ನೋಟ್‌ಬುಕ್ಕನ್ನು ಗ್ರಾಮಸಭೆಗೆ ಒಯ್ಯಬಹುದು.