ದೇವರಿಗೂ ಬೇಕೆ ಟಿ.ವಿ. ಜಾಹೀರಾತು?

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆ. ಬಾಗಿಲಲ್ಲಿ ಪಾರ್ಸೆಲ್ ಹುಡುಗ ನಿಂತು, “ಮೂರು ಸಾವಿರದ ಐನೂರು ಕೊಡಿ ಅಮ್ಮಾ” ಎಂದ. ನಾವೇನೂ ತರಿಸಿಲ್ಲಪ್ಪ, ಮನೆ ತಪ್ಪಿ ಬಂದಿದೀಯ ಎಂದು ಹೇಳಿ ಕಳಿಸುವುದರಲ್ಲಿದ್ದೆ. ಅಷ್ಟರಲ್ಲಿ ನಮ್ಮತ್ತೆ ಸೆರಗಿನ ಗಂಟು ಬಿಚ್ಚುತ್ತ ಒಳಗಿನಿಂದ ಬಂದರು. “ನಾನೇ ಕಣಮ್ಮ ತರಿಸಿದ್ದು.”

ಬಿಚ್ಚಿ ನೋಡಿದರೆ ತಾಮ್ರದ ಬಣ್ಣದ ಒಂದು ತಗಡಿನ ಯಂತ್ರ, ಕೊರಳಿಗೊಂದು ಸರ, ಅಂಗೈಯಗಲದ ಪುಸ್ತಕ. ಡಿಪ್ಲೊಮಾ ಮುಗಿಸಿ ಎರಡು ವರ್ಷವಾದರೂ ಕೆಲಸವಿಲ್ಲದೆ ಕೂತಿರುವ ನನ್ನ ದೊಡ್ಡ ಮಗನಿಗಾಗಿ ತರಿಸಿದ್ದಂತೆ. ನಲವತ್ತೊಂದು ದಿನ ಪೂಜೆ ಮಾಡಿದರೆ ಕೆಲಸ ಖಂಡಿತ ಎಂದು ಟಿ.ವಿ.ಯಲ್ಲಿ ಹೇಳಿದರಂತೆ. ಕಣ್ಣಿನ ಪೊರೆ ತೆಗೆಸಲು ಮಾವನವರ ಪೆನ್ಷನ್ನಿನಲ್ಲಿ ಅವರು ಕೂಡಿಟ್ಟ ದುಡ್ಡು ಅದು. “ಪೊರೆ ಕಣ್ಣಲ್ಲಿ ಫೋನ್ ನಂಬರ್ ಹೇಗೆ ಕಾಣಿಸ್ತು ಅತ್ತೆ?” ಎಂದೆ. “ಎಲ್ಲಿ ಕಾಣಿಸುತ್ತೆ? ಅವರೇ ಮತ್ತೆ ಮತ್ತೆ ಹೇಳ್ತಿರ್ತಾರಲ್ಲ, ಬಾಯಿಪಾಠ ಆಗಿಹೋಯ್ತು” ಎಂದರು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ.

ಅತ್ತೆಯವರ ಟಿ.ವಿ. ಭಕ್ತಿ ಶುರುವಾದದ್ದು 2020ರ ಲಾಕ್‌ಡೌನ್‌ನಲ್ಲಿ. ದೇವಸ್ಥಾನಗಳೆಲ್ಲ ಮುಚ್ಚಿದ್ದವು. ಮಾರ್ಚ್ 28ರಿಂದ ದೂರದರ್ಶನದವರು ರಮಾನಂದ ಸಾಗರರ ರಾಮಾಯಣವನ್ನು ಮತ್ತೆ ಹಾಕಿದರು. ಅದು ಮೊದಲು ಬಂದದ್ದು 1987ರ ಜನವರಿಯಲ್ಲಿ. ಆಗ ನನಗೆ ಆರೇಳು ವರ್ಷ. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಕಪ್ಪು ಬಿಳುಪಿನ ಟಿ.ವಿ. ಭಾನುವಾರ ಬೆಳಿಗ್ಗೆ ಆ ಮನೆಯ ಜಗಲಿಯಲ್ಲಿ ಚಪ್ಪಲಿಗಳ ರಾಶಿ. ಟಿ.ವಿ.ಗೇ ಹೂ ಮುಡಿಸಿ ಊದುಬತ್ತಿ ಹಚ್ಚುತ್ತಿದ್ದರು. ಹಿಂದಿ ಬಾರದವರಿಗೆ ಮೇಷ್ಟ್ರೊಬ್ಬರು ಕನ್ನಡದಲ್ಲಿ ಹೇಳುತ್ತಿದ್ದರು, ಅದರಲ್ಲಿ ಅರ್ಧ ಅವರದೇ ಸೇರಿಸಿದ್ದು! ನಡುನಡುವೆ ಸೋಪು, ಟೂತ್‌ಪೇಸ್ಟಿನ ಜಾಹೀರಾತು ಬರುತ್ತಿತ್ತು, ನಿಜ. ಆದರೆ ರಾಮನನ್ನು ಯಾರೂ ಮಾರುತ್ತಿರಲಿಲ್ಲ.

ಹಾಗೆಂದು ಟಿ.ವಿ.ಯಲ್ಲಿ ದೇವರೇ ಬೇಡ ಎನ್ನುವವಳಲ್ಲ ನಾನು. ಮಂಡಿನೋವಿನ ಮುದುಕಿಯರು ಬೆಟ್ಟ ಹತ್ತುವುದುಂಟೆ? ತಿರುಮಲದ ದೇವಸ್ಥಾನದವರು 2008ರಲ್ಲಿ ಶುರು ಮಾಡಿದ ಚಾನೆಲ್ 2021ರಿಂದ ಕನ್ನಡದಲ್ಲೂ ಬರುತ್ತಿದೆ. ಅದರಲ್ಲಿ ಕಲ್ಯಾಣೋತ್ಸವ ನೋಡಿ ಅತ್ತೆ ಕೂತಲ್ಲೇ ಕೈ ಮುಗಿಯುತ್ತಾರೆ. ಯಾರಿಗೇನು ನಷ್ಟ? ಹರಿಕಥೆ, ಪ್ರವಚನ, ಚರ್ಚಿನ ಪೂಜೆ, ರಂಜಾನ್ ಪ್ರಾರ್ಥನೆ ಎಲ್ಲ ಬರಲಿ. ತೋರಿಸುವುದು ಬೇರೆ, ದುಡ್ಡು ಕೊಟ್ಟು ಸಮಯ ಕೊಂಡು ‘ನಮ್ಮಲ್ಲಿಗೆ ಬನ್ನಿ, ನಿಮ್ಮ ಕಷ್ಟ ಕಳೆಯುತ್ತದೆ’ ಎಂದು ಕರೆಯುವುದು ಬೇರೆ. ಕರೆಯುವವರಿಗೆ ಗೊತ್ತು, ಮಧ್ಯಾಹ್ನದ ಹೊತ್ತು ಒಬ್ಬಂಟಿಯಾಗಿ ಟಿ.ವಿ. ಮುಂದೆ ಕೂತವರು ಯಾರು, ಅವರ ಮನಸ್ಸಿನಲ್ಲಿ ಏನು ಕೊರೆಯುತ್ತಿದೆ ಎಂದು.

ಇದು ಒಂದೇ ಮತದವರ ಕಥೆಯಲ್ಲ. ನನ್ನ ಕ್ರೈಸ್ತ ಗೆಳತಿಯೊಬ್ಬಳ ತಾಯಿ ರೋಗ ವಾಸಿ ಮಾಡುವ ಪ್ರಾರ್ಥನೆ ನೋಡಿ ಗುಟ್ಟಾಗಿ ಕಾಣಿಕೆ ಕಳಿಸುತ್ತಿದ್ದರಂತೆ. ಎಲ್ಲರ ಮನೆ ದೋಸೆಯೂ ತೂತೇ ಎಂದು ಇಬ್ಬರೂ ನಕ್ಕೆವು. ಆದರೆ ಸಕ್ಕರೆ ಕಾಯಿಲೆಯ ಆ ತಾಯಿ ಮಾತ್ರೆ ನಿಲ್ಲಿಸಿದ್ದರು ಎಂದು ತಿಳಿದ ಮೇಲೆ ನಗು ಬರಲಿಲ್ಲ.

ಪಕ್ಕದ ಮನೆಯ ವಕೀಲರನ್ನು ಕೇಳಿದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳ 7ನೇ ನಿಯಮದಲ್ಲೇ ಉತ್ತರ ಇದೆಯಂತೆ. ಪೂರ್ತಿಯಾಗಿಯೋ ಮುಖ್ಯವಾಗಿಯೋ ಧಾರ್ಮಿಕ ಉದ್ದೇಶದ್ದಾದ ಜಾಹೀರಾತು ಕೂಡದು, ರಾಜಕೀಯದ್ದೂ ಕೂಡದು. ವಸ್ತುವಿಗೆ ಪವಾಡದ ಶಕ್ತಿ ಇದೆ ಎನ್ನಿಸುವಂತೆಯೂ ಹೇಳಬಾರದು. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಇಂಥ ಯಂತ್ರಗಳನ್ನು ಪವಾಡದ ಹೆಸರಿನಲ್ಲಿ ಟಿ.ವಿ.ಯಲ್ಲಿ ಮಾರುವುದು ಕಾನೂನುಬಾಹಿರ ಎಂದಿದೆ. ಅದು ಮಹಾರಾಷ್ಟ್ರದ 2013ರ ಮಾಟಮಂತ್ರ ತಡೆ ಕಾನೂನಿನಡಿ ಬಂದ ತೀರ್ಪು.

ಹಾಗಾದರೆ ಇವರೆಲ್ಲ ಹೇಗೆ ಬರುತ್ತಾರೆ? ಅರ್ಧ ಗಂಟೆಯ ‘ಕಾರ್ಯಕ್ರಮ’ದ ವೇಷದಲ್ಲಿ. ಎದುರು ಬದುರು ಇಬ್ಬರು ಕೂತು ಮಾತಾಡುತ್ತಾರೆ, ‘ನನಗೆ ಗುಣವಾಯ್ತು’ ಎನ್ನಲು ಒಬ್ಬಾಕೆ ಬರುತ್ತಾಳೆ, ಕೆಳಗೆ ಫೋನ್ ನಂಬರ್ ಓಡುತ್ತಿರುತ್ತದೆ. ನೋಡುವವರಿಗೆ ಅದು ಪ್ರವಚನವೋ ವ್ಯಾಪಾರವೋ ಗೊತ್ತಾಗಬಾರದು, ಅಷ್ಟೇ. ದುಡ್ಡು ಪಡೆದು ಹಾಕಿದ್ದಾದರೆ ಆ ಅರ್ಧ ಗಂಟೆಯನ್ನೂ ಜಾಹೀರಾತೆಂದೇ ಎಣಿಸಬೇಕು, ಅದಕ್ಕೂ ಇದೇ ನಿಯಮ ಹಚ್ಚಬೇಕು ಎಂಬುದು ನನ್ನ ವಾದ.

ಅತ್ತೆ ಸುಮ್ಮನಿರುವವರಲ್ಲ. “ನೀನು ಜಾಹೀರಾತು ನೋಡಿ ಮಿಕ್ಸಿ ತಗೊಂಡೆ, ನಾನು ಕೇಳಿದ್ನೇನೇ?” ಎಂದರು. ಮಾತು ಸರಿಯೇ. ಆದರೆ ಮಿಕ್ಸಿ ಕೆಟ್ಟಾಗ ಅಂಗಡಿಗೆ ಹೊತ್ತುಕೊಂಡು ಹೋದೆ, ರಿಪೇರಿ ಮಾಡಿಕೊಟ್ಟರು. ನಲವತ್ತೊಂದು ದಿನ ಕಳೆದರೂ ಮಗನಿಗೆ ಕೆಲಸ ಸಿಗಲಿಲ್ಲ. ಆ ನಂಬರಿಗೆ ಫೋನ್ ಮಾಡಿದರೆ “ನಿಮ್ಮ ಶ್ರದ್ಧೆ ಕಡಿಮೆಯಾಯಿತು” ಎಂದರು. ಆವತ್ತು ಅತ್ತೆ ಊಟ ಮಾಡಲಿಲ್ಲ. ತನ್ನಿಂದಲೇ ಮೊಮ್ಮಗನ ಕೆಲಸ ತಪ್ಪಿತು ಎಂದು ಎರಡು ದಿನ ಕಣ್ಣೀರು. ದುಡ್ಡು ಹೋದದ್ದಕ್ಕಿಂತ ನನಗೆ ಇದೇ ಹೆಚ್ಚು ಸಂಕಟವಾಯಿತು.

2021ರಲ್ಲಿ ಆದ ತಿದ್ದುಪಡಿಯಂತೆ ದೂರನ್ನು ಮೊದಲು ಚಾನೆಲ್‌ನವರಿಗೇ ಕೊಡಬೇಕು. ತಲುಪಿತು ಎಂದು ಅವರು 24 ಗಂಟೆಯೊಳಗೆ ತಿಳಿಸಬೇಕು, 15 ದಿನದೊಳಗೆ ಇತ್ಯರ್ಥ ಮಾಡಬೇಕು. ತಾರೀಖು, ಹೊತ್ತು, ಕಾರ್ಯಕ್ರಮದ ಹೆಸರು ಬರೆದಿಟ್ಟುಕೊಂಡಿದ್ದರೆ ಸಾಕು, ನಮ್ಮಂಥವರೂ ಬರೆಯಬಹುದು. ನಾನೂ ಬರೆದೆ. ಅತ್ತೆಗೆ ಓದಿ ಹೇಳಿದೆ. “ಅದರಲ್ಲಿ ದೇವರ ಹೆಸರು ಹಾಕಬೇಡ ಕಣೇ, ಅವನದೇನು ತಪ್ಪು” ಎಂದರು. ಆ ಸಾಲು ಹೊಡೆದುಹಾಕಿದ ಮೇಲೆಯೇ ಪಕ್ಕದಲ್ಲಿ ಅವರ ಸಹಿ ಬಿತ್ತು.