ಕೀಲಿನ ಬೇನೆ ಕೀಲಿಗೇ ನಿಲ್ಲದು

ಬೆರಳಿನ ಗೆಣ್ಣುಗಳು ಊದಿಕೊಂಡು, ಬೆಳಗಿನ ಹೊತ್ತು ಮುಷ್ಟಿ ಕಟ್ಟಲೂ ಆಗದೆ ಸಂಕಟಪಡುವವರನ್ನು ನಾವು ಕಂಡಿದ್ದೇವೆ. 1859ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡನು ಈ ವ್ಯಾಧಿಗೆ ‘ರುಮಟಾಯ್ಡ್ ಸಂಧಿವಾತ’ವೆಂಬ ಹೆಸರನ್ನಿತ್ತನು. ಹೆಸರೇನೋ ಕೀಲಿನದು, ವ್ಯಾಧಿಯಾದರೋ ಇಡೀ ದೇಹದ್ದು. ಸಕ್ಕರೆ, ಕೊಬ್ಬು, ಪ್ರೋಟೀನುಗಳನ್ನು ದೇಹವು ಬಳಸಿಕೊಳ್ಳುವ ಕ್ರಮವನ್ನೇ, ಎಂದರೆ ಚಯಾಪಚಯವನ್ನೇ, ಅದು ಏರುಪೇರು ಮಾಡುತ್ತದೆ. ಹೇಗೆಂಬುದನ್ನು ನೋಡೋಣ.

ದೇಹವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳು ಈ ರೋಗದಲ್ಲಿ ತನ್ನವರಾರು, ಹಗೆಗಳಾರು ಎಂಬ ವಿವೇಕವನ್ನು ಕಳೆದುಕೊಂಡು ಕೀಲಿನ ಒಳಪೊರೆಯ ಮೇಲೆಯೇ ಎರಗುತ್ತವೆ. ಆಗ ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-6 ಮೊದಲಾದ ಪ್ರೋಟೀನುಗಳು ಹೊರಬೀಳುತ್ತವೆ. ಕೀಲಿನಲ್ಲಿ ಉರಿಯೂತವನ್ನು ಎಬ್ಬಿಸುವ ಇವು ರಕ್ತದೊಡನೆ ಹರಿದು ಯಕೃತ್ತು, ಸ್ನಾಯು, ಕೊಬ್ಬುಗಳನ್ನೂ ಮುಟ್ಟುತ್ತವೆ.

ಮೊದಲನೆಯ ಪೆಟ್ಟು ಸಕ್ಕರೆಯ ವಿಷಯದಲ್ಲಿ. ಇನ್ಸುಲಿನ್ ಬಂದು ತಟ್ಟಿದಾಗ ಸ್ನಾಯುಕೋಶವು ಸಕ್ಕರೆಯನ್ನು ಒಳಗೆ ಸೇರಿಸಿಕೊಳ್ಳಬೇಕು. ಟಿ.ಎನ್.ಎಫ್. ಹೆಚ್ಚಾದಾಗ ಆ ಕರೆಗೆ ಕೋಶವು ಕಿವುಡಾಗುತ್ತದೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಕೆಲವೊಮ್ಮೆ ಔಷಧವೂ ಇದಕ್ಕೆ ಕೈಗೂಡಿಸುವುದುಂಟು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚನು ಕಾರ್ಟಿಸೋನನ್ನು ಕೊಟ್ಟಾಗ, ನಡೆಯಲಾರದ ರೋಗಿಯು ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದಳು. 1950ರ ನೊಬೆಲ್ ಪಾರಿತೋಷಕದಲ್ಲಿ ಆತನಿಗೂ ಪಾಲು ದೊರೆಯಿತು. ಆದರೆ ಈ ವರ್ಗದ ಔಷಧಗಳನ್ನು ಬಹುಕಾಲ ಸೇವಿಸಿದರೆ ರಕ್ತದ ಸಕ್ಕರೆ ಏರುವುದು, ಹೊಟ್ಟೆಯ ಸುತ್ತ ಕೊಬ್ಬು ಕೂಡುವುದು.

ಎರಡನೆಯದು ತಕ್ಕಡಿಗೆ ಕಾಣದ ನಷ್ಟ. ಉರಿಯೂತವು ಸ್ನಾಯುವನ್ನು ಕರಗಿಸುತ್ತದೆ. ನೋವಿನಿಂದ ನಡೆದಾಟ ತಗ್ಗುವುದರಿಂದ ಕೊಬ್ಬು ಸೇರುತ್ತದೆ. ತೂಕ ಮಾತ್ರ ಹಾಗೆಯೇ ಉಳಿಯಬಹುದು! ‘ತೂಕ ಸರಿಯಾಗಿದೆ’ ಎಂದು ರೋಗಿಯು ನೆಮ್ಮದಿಯಿಂದಿರುವಾಗ ಬಲವು ಒಳಗೊಳಗೇ ಸೋರಿಹೋಗುತ್ತಿರುತ್ತದೆ.

ಮೂರನೆಯದು ಇನ್ನೂ ವಿಚಿತ್ರವಾದುದು. ರೋಗವು ಉಲ್ಬಣಿಸಿದಾಗ ರಕ್ತದ ಕೊಲೆಸ್ಟರಾಲ್ ಇಳಿಯುತ್ತದೆ. ಹೃದಯಕ್ಕೆ ಅಪಾಯವೋ ಏರುತ್ತದೆ. ರಕ್ತನಾಳಗಳ ಒಳಗೋಡೆಯನ್ನು ಉರಿಯೂತವೇ ಕೆಡಿಸುವುದರಿಂದ ಇಂಥ ವೈಪರೀತ್ಯ ಉಂಟಾಗುತ್ತದೆ. ಆದುದರಿಂದಲೇ ಯೂರೋಪಿನ ಸಂಧಿರೋಗ ತಜ್ಞರ ಒಕ್ಕೂಟವು, ಸಾಮಾನ್ಯ ಸೂತ್ರದಿಂದ ಲೆಕ್ಕ ಹಾಕಿದ ಹೃದ್ರೋಗದ ಅಪಾಯವನ್ನು ಈ ರೋಗಿಗಳಲ್ಲಿ 1.5ರಿಂದ ಗುಣಿಸಬೇಕೆಂದು ಸಲಹೆಯಿತ್ತಿದೆ. ಚಿಕಿತ್ಸೆಯಿಂದ ಉರಿಯೂತ ಶಮನವಾದಾಗ ಕೊಲೆಸ್ಟರಾಲ್ ಕೊಂಚ ಏರುವುದುಂಟು. ಅಷ್ಟರಿಂದಲೇ ರೋಗ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೆಥೊಟ್ರೆಕ್ಸೇಟ್ ಮುಂತಾದ ಔಷಧಗಳಿಂದ ಉರಿಯೂತವನ್ನು ಬೇಗನೆ ಹತೋಟಿಗೆ ತರುವುದೇ ಮೊದಲ ಕೆಲಸ. ಶಕ್ತ್ಯನುಸಾರ ವ್ಯಾಯಾಮದಿಂದ ಸ್ನಾಯು ಉಳಿಯುತ್ತದೆ. ತಂಬಾಕನ್ನು ತೊರೆಯಲೇಬೇಕು. ಸಕ್ಕರೆ ಏರಿತೆಂದು ಹೆದರಿ, ಬಹುದಿನದಿಂದ ಸೇವಿಸುತ್ತಿರುವ ಸ್ಟಿರಾಯ್ಡನ್ನು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿ.

ನಮ್ಮ ಮನೆಯ ಹಿರಿಯರು ಕೀಲುನೋವೆಂದು ವೈದ್ಯರಲ್ಲಿಗೆ ಹೊರಟಾಗ, ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಂಡು ಬರುವಂತೆ ನಾವು ನೆನಪಿಸೋಣ. ನೋವು ಕೀಲಿನಲ್ಲಿ ಕೂಗುತ್ತದೆ. ಹೃದಯಕ್ಕಾಗುವ ಹಾನಿಯಾದರೋ ಸದ್ದಿಲ್ಲದೆ ಬೆಳೆಯುತ್ತದೆ.