ಗರ್ಭದಲ್ಲಿ ಕೆಳದವಡೆ ಮೂಡುವ ಬಗೆ

ಹುಟ್ಟಿದ ಹೊಸತರಲ್ಲಿ ಕೂಸಿನ ಮೊಗವನ್ನು ಪಕ್ಕದಿಂದ ನೋಡಿದರೆ ಹಣೆಯು ಮುಂದಾಗಿಯೂ ಗದ್ದವು ಹಿಂದಾಗಿಯೂ ಇರುವುದು ಯಾರಿಗಾದರೂ ಕಾಣುವುದು. ಎಣ್ಣೆ ನೀರೆರೆಯುವ ಹಿರಿಯರು ಮೂಗನ್ನು ತಿದ್ದುವಂತೆಯೇ ಗದ್ದವನ್ನೂ ಬೆರಳುಗಳಿಂದ ಹಿಡಿದು ಮುಂದಕ್ಕೆ ನೀವುವುದುಂಟು. ನೀವಿದ ಮಾತ್ರಕ್ಕೆ ಗದ್ದವು ಬೆಳೆಯದು. ನೀವದಿದ್ದರೆ ಮೊಂಡಾಗಿ ಉಳಿಯುವುದೂ ಇಲ್ಲ. ಮೊದಲು ತಲೆ, ಆಮೇಲೆ ದವಡೆ, ಇದು ಬೆಳವಣಿಗೆಯ ಕ್ರಮ. ಆದರೆ ಆ ಪುಟ್ಟ ಗದ್ದವು ಬೆಳಕು ಕಾಣುವುದಕ್ಕೆ ಮುಂಚೆ ನಡೆದಿರುವ ಕೆಲಸವು ಬಹಳ ದೊಡ್ಡದು. ಅದು ಬರಿಯ ಒಂದು ಎಲುಬಿನ ವೃತ್ತಾಂತವಲ್ಲ. ಕಿವಿ, ನಾಲಗೆ, ಅಂಗುಳು ಇವುಗಳ ವೃತ್ತಾಂತವೂ ಅದರೊಡನೆ ಹೆಣೆದುಕೊಂಡಿರುವುದು. ಇದನ್ನು ಅರಿಯದೆ ಎಷ್ಟೋ ಮನೆಗಳಲ್ಲಿ ಹೆತ್ತ ತಾಯಿಯ ಮೇಲೆ ಇಲ್ಲದ ಅಪವಾದವನ್ನು ಹೊರಿಸುವುದುಂಟಾದುದರಿಂದ, ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಯುಕ್ತವೆಂದು ತೋರುತ್ತದೆ.

ಮೊದಲು ದಿನಗಳ ಲೆಕ್ಕವನ್ನು ತಿಳಿಯಬೇಕು. ವೈದ್ಯರು ಬಸಿರಿನ ವಾರಗಳನ್ನು ಕಡೆಯ ಸಲ ಮುಟ್ಟಾದ ದಿನದಿಂದ ಎಣಿಸುವರು. ಇಲ್ಲಿ ನಾವು ಗರ್ಭ ಕಟ್ಟಿದ ದಿನದಿಂದ ಎಣಿಸೋಣ. ಆಗ ನಮ್ಮ ೪ನೆಯ ವಾರವು ಅವರ ೬ನೆಯ ವಾರವಾಗುವುದು. ಅಂದರೆ ಮುಟ್ಟು ತಪ್ಪಿ ಎರಡು ವಾರ ತುಂಬುವಷ್ಟರ ಕಾಲ. ತಾಯಿಗೆ ಇನ್ನೂ ಬಸಿರಿನ ಸಂದೇಹ ಮಾತ್ರ. ಆ ಹೊತ್ತಿಗಾಗಲೇ, ಒಂದು ಅಕ್ಕಿಕಾಳಿನಷ್ಟಿರುವ ಭ್ರೂಣದಲ್ಲಿ, ಕೆಳದವಡೆಯ ಕೆಲಸವು ಮೊದಲಾಗಿರುವುದು.

ಈ ಕೆಲಸಕ್ಕೆ ಬರುವ ಆಳುಗಳು ಆ ಊರಿನವರಲ್ಲವೆಂಬುದೇ ಮೊದಲನೆಯ ಆಶ್ಚರ್ಯ. ಭ್ರೂಣದ ಬೆನ್ನಿನ ಮೇಲೆ ಒಂದು ತೋಡು ಮೂಡಿ, ಅದರ ಎರಡು ಅಂಚುಗಳು ಬಾಗಿ ಕೂಡಿಕೊಂಡು ಕೊಳವೆಯಾಗುವುದು. ಮುಂದೆ ಮಿದುಳೂ ಬೆನ್ನುಹುರಿಯೂ ಆಗತಕ್ಕದ್ದು ಇದೇ. ಆ ಅಂಚಿನ ಕೆಲವು ಜೀವಕೋಶಗಳು ಕೊಳವೆಯೊಳಗೆ ಸೇರದೆ, ತಂಡ ತಂಡವಾಗಿ ಹೊರಬಿದ್ದು, ತಲೆಯ ಪಕ್ಕವನ್ನು ಬಳಸಿಕೊಂಡು ಮುಂಭಾಗಕ್ಕೆ ನಡೆದು ಬರುವುವು. ಮುಖದ ಎಲುಬುಗಳೆಲ್ಲ ಬಹುಮಟ್ಟಿಗೆ ಈ ವಲಸೆಗಾರರಿಂದಲೇ ಆಗುವುವು. ಕೈಕಾಲುಗಳ ಎಲುಬಿನ ಹುಟ್ಟು ಬೇರೆ, ಮೊಗದ ಎಲುಬಿನ ಹುಟ್ಟು ಬೇರೆ. ದವಡೆಯನ್ನು ಆಡಿಸುವ ಸ್ನಾಯುಗಳು ಕೂಡ ಬೇರೊಂದು ಮೂಲದಿಂದ ಬಂದು ಇಲ್ಲಿ ಸೇರುವುವು.

ಈ ಕೋಶಗಳು ಬಂದು ತುಂಬಿಕೊಂಡಾಗ ಬಾಯಿಯ ಎಡೆಯ ಕೆಳಗೆ ಎರಡು ಪಕ್ಕಗಳಿಂದ ಎರಡು ಉಬ್ಬುಗಳು ಏಳುವುವು. ೫ನೆಯ ವಾರದ ಹೊತ್ತಿಗೆ ಅವೆರಡೂ ನಡುವೆ ಕೂಡಿಕೊಂಡು ಒಂದು ಕಮಾನಾಗುವುದು. ಮೊಗದ ಮಿಕ್ಕ ಭಾಗಗಳು ಇನ್ನೂ ಬಿಡಿಬಿಡಿಯಾಗಿರುವಾಗಲೇ ಕೆಳದುಟಿ ಮತ್ತು ಗದ್ದಗಳ ಎಡೆಯು ಕೂಡಿಬಿಡುವುದು. ಮೇಲಿನ ತುಟಿ ಸೀಳಿದ ಮಕ್ಕಳನ್ನು ನಾವು ಕಂಡಿದ್ದೇವೆ. ಕೆಳದುಟಿ ಸೀಳಿದುದು ಅತ್ಯಂತ ಅಪರೂಪ.

ಮೇಲ್ದವಡೆಯಾಗುವ ಕೋಶಗಳೂ ಇದೇ ಬಳಗದವು. ಹಾಗಾದರೆ ಇದು ಕೆಳಗಿನದು, ಇದು ಮೇಲಿನದು ಎಂಬ ಭೇದವನ್ನು ಅವುಗಳಿಗೆ ತಿಳಿಸುವವರಾರು? ೨೦೦೨ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಡಿ. ಎಲ್. ಎಕ್ಸ್. ೫ ಮತ್ತು ೬ ಎಂಬ ಎರಡು ವಂಶಾಣುಗಳಿಲ್ಲದ ಇಲಿಯ ಭ್ರೂಣದಲ್ಲಿ ಕೆಳದವಡೆಯು ಇಲ್ಲವಾಗಲಿಲ್ಲ. ಅದು ಇನ್ನೊಂದು ಮೇಲ್ದವಡೆಯಾಗಿ ಬೆಳೆಯಿತು! ಮೇಲ್ದುಟಿಗೆ ಸಲ್ಲುವ ಮೀಸೆಯ ಕೂದಲು ಕೂಡ ಕೆಳಗೆ ಮೂಡಿತು. ಕನ್ನಡಿಯಲ್ಲಿ ನೋಡಿದಂತೆ ಮೇಲೊಂದು, ಕೆಳಗೊಂದು. ಆ ವಂಶಾಣುಗಳು 'ನೀನು ಕೆಳಗಿನವನು' ಎಂದು ಕೋಶಗಳಿಗೆ ಆಜ್ಞೆ ಕೊಡುತ್ತವೆಂದು ಇದರಿಂದ ತಿಳಿದುಬಂದಿತು.

ಇನ್ನು ಎಲುಬಿನ ವಿಚಾರ. ಜರ್ಮನಿಯ ಹಾಲೆ ನಗರದ ಶರೀರಶಾಸ್ತ್ರಜ್ಞನಾದ ಯೋಹಾನ್ ಫ್ರೀಡ್ರಿಕ್ ಮೆಕೆಲ್ ಎಂಬಾತನು ೧೮೨೦ರಲ್ಲಿ, ಭ್ರೂಣದ ಕೆಳದವಡೆಯ ಎರಡು ಪಕ್ಕಗಳಲ್ಲಿಯೂ ಕಿವಿಯ ಕಡೆಯಿಂದ ಗದ್ದದವರೆಗೆ ಒಂದೊಂದು ಮೃದ್ವಸ್ಥಿಯ ಸಲಾಕೆಯು ಚಾಚಿಕೊಂಡಿರುವುದನ್ನು ವರ್ಣಿಸಿದನು. ೬ನೆಯ ವಾರದಲ್ಲಿ ಕಾಣಿಸಿಕೊಳ್ಳುವ ಈ ಸಲಾಕೆಗೆ ಅವನ ಹೆಸರೇ ನಿಂತಿದೆ. ಇದೇ ಗಟ್ಟಿಯಾಗಿ ದವಡೆಯ ಎಲುಬಾಗುವುದೆಂದು ಓದುಗರು ಊಹಿಸಬಹುದು. ಹಾಗಾಗುವುದಿಲ್ಲ. ಗಾರೆಯವರು ಕಮಾನು ಕಟ್ಟುವಾಗ ಮೊದಲು ಮರದ ಸಾರುವೆಯನ್ನು ನಿಲ್ಲಿಸಿ, ಕಟ್ಟಡವು ನಿಂತ ಬಳಿಕ ಅದನ್ನು ಕಳಚಿಬಿಡುವರಷ್ಟೆ, ಇದೂ ಹಾಗೆಯೇ. ಎಲುಬು ಅದರ ಹೊರಮಗ್ಗುಲಲ್ಲಿ, ಒಂದು ತೆಳುವಾದ ಪೊರೆಯೊಳಗೆ ಬೇರೆಯಾಗಿ ಹುಟ್ಟುವುದು. ೬-೭ನೆಯ ವಾರಗಳಲ್ಲಿ ಅದರ ಮೊದಲ ಚುಕ್ಕೆ ಬೀಳುವುದು. ಇಡೀ ದೇಹದಲ್ಲಿ ಇದಕ್ಕಿಂತ ಮುಂಚೆ ಎಲುಬಾಗುವುದು ಕೊರಳೆಲುಬು ಒಂದೇ.

ಆ ಚುಕ್ಕೆಯು ಬೀಳುವ ಸ್ಥಳವೂ ಗೊತ್ತಾದುದೇ. ಹಲ್ಲು ಕೀಳಿಸುವಾಗ ವೈದ್ಯರು ಚುಚ್ಚಿದ ಮದ್ದಿನಿಂದ ಕೆಳದುಟಿಯೆಲ್ಲ ಜೋಮು ಹಿಡಿಯುವುದನ್ನು ಅನುಭವಿಸಿದವರುಂಟಷ್ಟೆ. ಜೋಮು ಹಿಡಿಯುವ ಆ ನರವು ಎಲುಬಿಗಿಂತ ಮೊದಲೇ ಅಲ್ಲಿ ಬಂದಿರುವುದು. ಅದು ಕವಲೊಡೆಯುವ ಎಡೆಯಲ್ಲಿಯೇ ಎಲುಬು ಮೊದಲಾಗಿ, ನರದ ಕೆಳಗೂ ಪಕ್ಕಗಳಲ್ಲಿಯೂ ಹಬ್ಬಿ, ಕೊನೆಗೆ ಅದನ್ನು ಒಂದು ಸುರಂಗದೊಳಗೆ ಸೇರಿಸಿಕೊಳ್ಳುವುದು. ಹಾಲುಹಲ್ಲಿನ ಮೊಳಕೆಗಳಿಗೂ ಅದೇ ತೊಟ್ಟಿಯಲ್ಲಿ ಸ್ಥಳವುಂಟು. ಅವು ಗಟ್ಟಿಯಾಗತೊಡಗುವುದು ೪ನೆಯ ತಿಂಗಳಿನಲ್ಲಿ. ಬೊಚ್ಚುಬಾಯಿಯ ಕೂಸಿನ ವಸಡಿನೊಳಗೆ ಹಲ್ಲುಗಳೆಲ್ಲ ಆಗಲೇ ಸಾಲಾಗಿ ಕುಳಿತಿರುವುವು. ಎಡಬಲದ ಎರಡು ಹೋಳುಗಳು ಹುಟ್ಟುವಾಗ ನಾರಿನಿಂದ ಮಾತ್ರ ಕೂಡಿಕೊಂಡಿದ್ದು, ಮೊದಲ ವರ್ಷದೊಳಗಾಗಿ ಒಂದೇ ಎಲುಬಾಗುವುವು. ದವಡೆಯ ಕೀಲಿನ ತುದಿಯಲ್ಲಿ ಆಮೇಲೆ ಹುಟ್ಟುವ ಬೇರೊಂದು ಮೃದ್ವಸ್ಥಿಯ ತುಣುಕು ಸುಮಾರು ೨೦ ವರ್ಷದವರೆಗೂ ಬೆಳೆಯುತ್ತಲೇ ಇರುವುದು.

ಆ ಸಾರುವೆ ಏನಾಯಿತು? ನಡುಭಾಗವು ಕರಗಿಹೋಯಿತು. ಆದರೆ ಹಿಂದಿನ ತುದಿ ಕರಗಲಿಲ್ಲ. ಅದು ಕಿವಿಯೊಳಗೆ ಸೇರಿ ಸುತ್ತಿಗೆಯೆಂಬ ಸಣ್ಣ ಎಲುಬಾಯಿತು. ಅದರ ಜೊತೆಗಾರನಾದ ಅಡಿಗಲ್ಲು ಕೂಡ ಅದೇ ಕಮಾನಿನ ಮೇಲ್ಭಾಗದಿಂದ ಬಂದುದು. ೧೮೩೭ರಲ್ಲಿ ರೈಖರ್ಟ್ ಎಂಬ ಜರ್ಮನ್ ಪಂಡಿತನು ಹಂದಿಯ ಭ್ರೂಣಗಳನ್ನು ಪರೀಕ್ಷಿಸಿ, ಹಲ್ಲಿ ಹಾವುಗಳ ಜಾತಿಯಲ್ಲಿ ಯಾವ ಎರಡು ಎಲುಬುಗಳು ದವಡೆಯ ಕೀಲಾಗಿರುವುವೋ ಅವೇ ನಮ್ಮ ಕಿವಿಯಲ್ಲಿ ಸುತ್ತಿಗೆಯೂ ಅಡಿಗಲ್ಲೂ ಆಗಿವೆಯೆಂದು ತೋರಿಸಿದನು. ಹಲ್ಲಿಯು ಯಾವುದರಿಂದ ಹುಳುವನ್ನು ಕಚ್ಚುವುದೋ ಅದರಿಂದ ನಾವು ಜೋಗುಳವನ್ನು ಕೇಳುತ್ತೇವೆ. ಗರ್ಭದಲ್ಲಿ ಶಿಶುವು ಮೊದಮೊದಲು ಬಾಯಿ ತೆರೆಯುವಾಗ ನಮ್ಮ ಹೊಸ ಕೀಲು ಇನ್ನೂ ಸಿದ್ಧವಾಗಿರುವುದಿಲ್ಲ; ಕೆಲವು ವಾರಗಳ ಕಾಲ ಆ ಹಳೆಯ ಕೀಲೇ ಕೆಲಸ ನಡೆಸುವುದೆಂದು ಭ್ರೂಣಶಾಸ್ತ್ರಜ್ಞರು ಹೇಳುವರು. ಇದು ಬರಿಯ ವಿನೋದದ ಸಂಗತಿಯಲ್ಲ. ವಲಸೆ ಬರುವ ಕೋಶಗಳು ಕಡಮೆಯಾದರೆ ದವಡೆಯೂ ಕಿವಿಯೂ ಒಟ್ಟಿಗೆ ಕುಂದುವುವು. ಟ್ರೀಚರ್ ಕಾಲಿನ್ಸ್ ಎಂಬ ವೈದ್ಯನ ಹೆಸರಿನ ರೋಗದಲ್ಲಿ ಹೀಗೆಯೇ ಆಗುವುದು. ಆದುದರಿಂದ ಹುಟ್ಟಿದ ಮಗುವಿನ ಗದ್ದವು ತೀರ ಸಣ್ಣದಾಗಿದ್ದು, ಹೊರಗಿವಿಯ ಆಕಾರವೂ ಕೆಟ್ಟಿದ್ದರೆ, ಕಿವಿ ಕೇಳಿಸುವುದೋ ಇಲ್ಲವೋ ಎಂಬುದನ್ನು ತಡಮಾಡದೆ ಪರೀಕ್ಷಿಸಬೇಕು.

ಈಗ ನಾಲಗೆ ಮತ್ತು ಅಂಗುಳುಗಳ ಮಾತು. ೭ನೆಯ ವಾರದಲ್ಲಿ ಅಂಗುಳಾಗತಕ್ಕ ಎರಡು ಹಲಗೆಗಳು ನಾಲಗೆಯ ಎರಡು ಪಕ್ಕಗಳಲ್ಲಿ ಕೆಳಮುಖವಾಗಿ ಇಳಿಬಿದ್ದಿರುವುವು. ನಾಲಗೆಯು ನಡುವೆ ಇಡುಕಿಕೊಂಡಿರುವುದು. ಕೆಳದವಡೆಯು ಮುಂದಕ್ಕೆ ಬೆಳೆದಾಗ ನಾಲಗೆಗೆ ಎಡೆ ದೊರೆತು ಅದು ಕೆಳಗಿಳಿಯುವುದು. ಹಲಗೆಗಳು ಮೇಲೆದ್ದು ಅಡ್ಡಲಾಗಿ, ೧೨ನೆಯ ವಾರದೊಳಗೆ ಒಂದನ್ನೊಂದು ಕೂಡಿಕೊಳ್ಳುವುವು. ದವಡೆಯು ಹಿಂದುಳಿದರೆ ನಾಲಗೆ ಇಳಿಯದು. ನಾಲಗೆ ಇಳಿಯದಿದ್ದರೆ ಹಲಗೆಗಳು ಕೂಡವು. ಸಣ್ಣ ಗದ್ದ, ಹಿಂದಕ್ಕೆ ಬೀಳುವ ನಾಲಗೆ, ಅದರಿಂದ ಉಸಿರಿಗೆ ತೊಡಕು, ಹಲವರಲ್ಲಿ ಸೀಳಂಗುಳು, ಇವು ಒಟ್ಟಿಗೆ ಬರುವುದನ್ನು ಪಿಯರ್ ರೋಬಾನನ ಹೆಸರಿನಿಂದ ಕರೆಯುವರು. ಪ್ಯಾರಿಸಿನ ದಂತವೈದ್ಯನಾದ ಈತನು ನಾಲಗೆ ಹಿಂದೆ ಬೀಳುವುದನ್ನು ಕುರಿತು ೧೯೨೩ರಲ್ಲಿ ಬರೆದನು.

ನಮ್ಮ ಮನೆಗಳಲ್ಲಿ ಇಂಥ ಮಗು ಹುಟ್ಟಿದರೆ ಮೊದಲು ಹುಡುಕುವುದು ಪಂಚಾಂಗವನ್ನು. ಗ್ರಹಣದ ಹೊತ್ತಿನಲ್ಲಿ ಸೊಸೆಯು ಈಳಿಗೆಮಣೆಯ ಮುಂದೆ ಕುಳಿತಳೆಂದೂ ಅದರಿಂದಲೇ ತುಟಿ ಅಥವಾ ಅಂಗುಳು ಸೀಳಿತೆಂದೂ ನಿರ್ಣಯವಾಗುವುದು. ಮೇಲೆ ಹೇಳಿದ ಲೆಕ್ಕವನ್ನು ಓದುಗರು ಇದಕ್ಕೆ ಹೊಂದಿಸಿ ನೋಡಬೇಕು. ಮೇಲ್ದುಟಿಯು ೭ನೆಯ ವಾರದ ಹೊತ್ತಿಗೆ ಕೂಡಿರಬೇಕು. ಅಂಗುಳು ೧೨ನೆಯ ವಾರಕ್ಕೆ. ಏಳನೆಯ ತಿಂಗಳಿನಲ್ಲಿ ಬಂದ ಗ್ರಹಣವು, ನಾಲ್ಕು ತಿಂಗಳ ಹಿಂದೆಯೇ ಮುಗಿದ ಕೆಲಸವನ್ನು ಕೆಡಿಸುವುದು ಹೇಗೆ? ಗ್ರಹಣವು ಮೊದಲನೆಯ ತಿಂಗಳಲ್ಲಿಯೇ ಬಂದರೂ ಹೆಚ್ಚಿದ ಬದನೆಕಾಯಿಗೂ ಭ್ರೂಣದ ಕೋಶಗಳಿಗೂ ಯಾವ ಸಂಬಂಧವೂ ಇಲ್ಲ. ನಿಜವಾದ ಕಾರಣಗಳು ಬೇರೆ. ಕೆಲವೆಡೆ ವಂಶದಿಂದ ಬಂದುದು, ಅದು ತಂದೆಯ ಕಡೆಯಿಂದಲೂ ಬರಬಹುದು, ಕೆಲವೆಡೆ ತಾಯಿಯ ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯಪಾನ, ಕೆಲವು ಔಷಧಗಳು. ಎಷ್ಟೋ ಸಲ ಯಾವ ಕಾರಣವೂ ಸಿಕ್ಕದು.

ಔಷಧದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೊಡವೆಗಳಿಗೆ ಕೊಡುವ ಐಸೋಟ್ರೆಟಿನಾಯಿನ್ ಎಂಬ ಗುಳಿಗೆಯು ವಲಸೆ ಬರುವ ಆ ಕೋಶಗಳಿಗೇ ಪೆಟ್ಟು ಕೊಡುವುದು; ಅದನ್ನು ನುಂಗುತ್ತಿರುವಾಗ ಗರ್ಭ ನಿಂತರೆ ದವಡೆ, ಕಿವಿ, ಹೃದಯ, ಮಿದುಳು ಇವು ಕೆಡುವ ಭಯವುಂಟು. ಮುಟ್ಟು ತಪ್ಪಿದುದನ್ನು ಕಂಡು ನಿಲ್ಲಿಸುವಷ್ಟರಲ್ಲಿ ಹೊತ್ತು ಮೀರಿರಬಹುದು. ಆದುದರಿಂದ ಮದುವೆಯಾದ ಹೆಣ್ಣುಮಕ್ಕಳು ವೈದ್ಯರ ಅಪ್ಪಣೆಯಿಲ್ಲದೆ ಅದನ್ನು ಮುಟ್ಟಲೇಬಾರದು. ಮೂರ್ಛೆರೋಗದ ಕೆಲವು ಮಾತ್ರೆಗಳಿಂದಲೂ ಅಂಗುಳು ಸೀಳಬಹುದು. ಆದರೆ ಅವನ್ನು ತಾವಾಗಿ ನಿಲ್ಲಿಸುವುದು ಇನ್ನೂ ಅಪಾಯ. ಬಸಿರಿಗೆ ಮುಂಚೆಯೇ ವೈದ್ಯರನ್ನು ಕೇಳಿ ಬದಲಾಯಿಸಿಕೊಳ್ಳುವುದು ಸರಿಯಾದ ದಾರಿ.

ರೋಬಾನನ ಲಕ್ಷಣಗಳಿರುವ ಕೂಸನ್ನು ಅಂಗಾತ ಮಲಗಿಸಿದರೆ ನಾಲಗೆ ಹಿಂದೆ ಜಾರಿ ಉಸಿರು ಕಟ್ಟುವುದು. ಆಸ್ಪತ್ರೆಯಲ್ಲಿ ಅಂಥದನ್ನು ಬೋರಲಾಗಿ ಅಥವಾ ಮಗ್ಗುಲಾಗಿ ಮಲಗಿಸಿ ಕಾಯುವರು. (ಆರೋಗ್ಯವಾದ ಕೂಸನ್ನು ಅಂಗಾತವಾಗಿಯೇ ಮಲಗಿಸಬೇಕು, ಇದನ್ನು ಓದಿ ಯಾರೂ ಬದಲಾಯಿಸಬಾರದು.) ಮೊಲೆ ಚೀಪಲು ಬಾರದಿದ್ದರೆ ಹಾಲನ್ನು ಹಿಂಡಿ, ವಿಶೇಷವಾದ ಸೀಸೆಯಿಂದಲೋ ಮೂಗಿನ ಕೊಳವೆಯಿಂದಲೋ ಕೊಡುವರು. ತೀರ ಕಷ್ಟವಾದಲ್ಲಿ ಶಸ್ತ್ರಕ್ರಿಯೆಯೂ ಉಂಟು. ಮೊದಲ ವರ್ಷದಲ್ಲಿ ಅನೇಕ ಮಕ್ಕಳ ದವಡೆಯು ತಾನಾಗಿ ಬೆಳೆದು ಉಸಿರು ಸರಾಗವಾಗುವುದು. ಸೀಳಿದ ಅಂಗುಳನ್ನು ಸುಮಾರು ಒಂದು ವರ್ಷದ ಪ್ರಾಯದ ಆಸುಪಾಸಿನಲ್ಲಿ ಹೊಲಿದು ಕೂಡಿಸುವರು. ಮಾತು ಕಲಿಯುವುದಕ್ಕೆ ಮುಂಚೆ ಇದಾದರೆ ಮಾತು ಸ್ಪಷ್ಟವಾಗಲು ಅನುಕೂಲ. ಇಂಥ ಮಕ್ಕಳ ನಡುಗಿವಿಯಲ್ಲಿ ನೀರು ನಿಂತು ಕೇಳುವಿಕೆ ಮಂದವಾಗುವುದು ಸಾಮಾನ್ಯ. ಕೆಲವರಲ್ಲಿ ಕಣ್ಣಿನ ದೋಷವೂ ಜೊತೆಗಿರುವುದು. ಅಂಗುಳಿನ ಹೊಲಿಗೆ ಮುಗಿದ ಮೇಲೆಯೂ ಕಿವಿ ಕಣ್ಣುಗಳನ್ನು ಕಾಲಕಾಲಕ್ಕೆ ತೋರಿಸುತ್ತಿರಬೇಕು.